ಏಟು ತಿಂದೇ ಮನುಷ್ಯರಾದೆವಾ?

“ಏಟು ತಿಂದಿದ್ದಕ್ಕೇ ಕಣಯ್ಯಾ ನಾವೆಲ್ಲ ಮನುಷ್ಯರಾಗಿದ್ದು.”

ಈ ಮಾತು ಕೇಳದವರು ನಮ್ಮಲ್ಲಿ ಕಡಿಮೆ. ಮೂವತ್ತು ದಾಟಿದ ನಾಲ್ಕು ಜನ ಎಲ್ಲಿ ಸೇರಿದರೂ, ಮದುವೆ ಊಟದ ಪಂಕ್ತಿಯಿರಲಿ, ಆಫೀಸಿನ ಕೆಫೆಟೇರಿಯಾ ಇರಲಿ, ಹುಣಸೆ ಬರಲು, ಗೋಡೆ ಕುರ್ಚಿ, ಬಸ್ಕಿ, ಅಪ್ಪನ ಬೆಲ್ಟು ಎಲ್ಲವೂ ಒಂದು ಸುತ್ತು ಬಂದು ಹೋಗುತ್ತವೆ. ಯಾರ ಮೇಷ್ಟ್ರು ಜಾಸ್ತಿ ಹೊಡೀತಿದ್ದರು ಅನ್ನೋದರಲ್ಲಿ ಪೈಪೋಟಿ ಬೇರೆ. ಎಲ್ಲರೂ ನಗ್ತೀವಿ. ಕೊನೆಗೆ ಯಾರಾದರೊಬ್ಬರು ತೀರ್ಪು ಕೊಡ್ತಾರೆ: “ಈಗಿನ ಮಕ್ಕಳಿಗೆ ಏಟೇ ಬೀಳಲ್ಲ, ಅದಕ್ಕೇ ಹಿಂಗಾಗಿದ್ದಾವೆ.”

ಗೌರಿಬಿದನೂರು ತಾಲೂಕಿನ ಹೊಸೂರಿನಲ್ಲಿ ಹುಟ್ಟಿ, 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು, ಯಾವುದನ್ನೂ ಪ್ರಶ್ನೆ ಮಾಡದೆ ಒಪ್ಕೋಬೇಡಿ ಅಂತ ಬದುಕಿಡೀ ಹೇಳಿದರು. ಅವರು ಪವಾಡಗಳನ್ನು ಪ್ರಶ್ನೆ ಮಾಡಿದರು. ಅದೇ ಜಿಲ್ಲೆಯವನಾದ ನನಗೆ ಈ ಏಟಿನ ಪವಾಡವನ್ನೂ ಒಂದ್ಸಲ ಕೇಳಿ ನೋಡಬೇಕು ಅನಿಸುತ್ತೆ. ಎರಡೇ ಪ್ರಶ್ನೆ. ‘ನಾವೆಲ್ಲ’ ಅಂದರೆ ಯಾರು? ‘ಮನುಷ್ಯರಾಗೋದು’ ಅಂದರೆ ಏನು?

ಮೊದಲನೆಯದಕ್ಕೆ ಉತ್ತರ ಸುಲಭ. ಆ ಮಾತು ಹೇಳ್ತಿರೋದು ಊಟದ ಪಂಕ್ತಿಯಲ್ಲಿ ಕೂತಿರುವವರು. ಒಂದನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿದ್ದು ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಇಲ್ಲದ ಹೆಸರುಗಳು ಆ ಪಂಕ್ತಿಯಲ್ಲಿ ಇರೋದಿಲ್ಲ. ಏಟಿಗೆ ಹೆದರಿ ಶಾಲೆ ಬಿಟ್ಟವನು, ಶಾಲೆ ಬಿಟ್ಟು ಇನ್ನೂ ಜಾಸ್ತಿ ಏಟು ಬೀಳುವ ಜಾಗಕ್ಕೆ ಹೋದವನು, ನಮ್ಮ ಲೆಕ್ಕದಲ್ಲೇ ಇಲ್ಲ. ಪರೀಕ್ಷೆಗೆ ಬಂದವರಲ್ಲಿ ಪಾಸಾದವರನ್ನು ಮಾತ್ರ ಕರೆದು ಪರೀಕ್ಷೆ ಹೇಗಿತ್ತು ಅಂತ ಕೇಳಿದ ಹಾಗೆ ಇದು.

ನಮ್ಮ ಕಡೆ ಆ ಇನ್ನೊಂದು ಜಾಗ ಯಾವುದು ಅಂತ ಎಲ್ಲರಿಗೂ ಗೊತ್ತಿತ್ತು. ಶಿಡ್ಲಘಟ್ಟ ರೇಷ್ಮೆಗೆ ಹೆಸರಾದ ಊರು. ಅಲ್ಲಿನ ಗೂಡಿನ ಮಾರುಕಟ್ಟೆ ರಾಮನಗರದ್ದರಂತೆಯೇ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಸುತ್ತಮುತ್ತಲಿನ ಹಳ್ಳಿಗಳಲ್ಲಿ ಹುಳು ಸಾಕ್ತಾರೆ, ಊರೊಳಗೆ ಗೂಡಿನಿಂದ ನೂಲು ಬಿಚ್ತಾರೆ. ನೂಲು ಬಿಚ್ಚುವ ಜಾಗಕ್ಕೆ ನಮ್ಮ ಜನ ಫಿಲೇಚರ್ ಅಂತಾರೆ. ಗೂಡನ್ನು ಕುದಿಯೋ ನೀರಿಗೆ ಹಾಕಬೇಕು, ಅದರ ಗೋಂದು ಸಡಿಲ ಆಗಬೇಕು, ಆಮೇಲೆ ಕೂದಲಿಗಿಂತ ತೆಳುವಾದ ಎಳೆಯ ತುದಿ ಹುಡುಕಬೇಕು. ಇದನ್ನು ತುಂಬಾ ವರ್ಷ ಮಕ್ಕಳ ಕೈಲೂ ಮಾಡಿಸಿದ್ದಾರೆ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಭಾರತದ ರೇಷ್ಮೆ ಉದ್ಯಮದಲ್ಲಿನ ಮಕ್ಕಳ ಜೀತದ ಬಗ್ಗೆ ಒಂದು ವರದಿಯನ್ನೇ ತಂದಿತು. ಕರ್ನಾಟಕದ ನೂಲು ಬಿಚ್ಚುವ ಮಕ್ಕಳ ಕಥೆ ಅದರಲ್ಲಿದೆ: ಅಪ್ಪ ಅಮ್ಮ ತಗೊಂಡ ಮುಂಗಡಕ್ಕೆ ದುಡಿಯೋ ಮಕ್ಕಳು, ಬಿಸಿನೀರಲ್ಲಿ ಬೊಬ್ಬೆ ಬಂದ ಕೈಗಳು, ಹೊಡೆತ, ಬೈಗುಳ. ಜೀತ ಪದ್ಧತಿಯನ್ನು ಕಾನೂನು ರದ್ದು ಮಾಡಿದ್ದು 1976ರಲ್ಲಿ. ಆ ವರದಿ ಬಂದಾಗ ಕಾನೂನಿಗೆ 27 ವರ್ಷ ತುಂಬಿತ್ತು.

ಈಗ ಯಂತ್ರಗಳು ಬಂದಿವೆ, ಕಾನೂನು ಬಿಗಿಯಾಗಿದೆ. ಆದರೆ ಆಗ ಬೇಸಿನ್ ಮುಂದೆ ನಿಂತಿದ್ದ ಮಕ್ಕಳು ಎಲ್ಲಿ ಹೋದರು? ಎಲ್ಲೂ ಹೋಗಿಲ್ಲ. ಅವರಿಗೀಗ ನನ್ನದೇ ವಯಸ್ಸು. ಅವರೂ ಅಪ್ಪ ಅಮ್ಮ ಆಗಿದ್ದಾರೆ.

ಅವರಲ್ಲೊಬ್ಬ ಐದನೇ ಕ್ಲಾಸಿನವರೆಗೆ ನನ್ನ ಪಕ್ಕದಲ್ಲೇ ಕೂರ್ತಿದ್ದ. ಈಗ ಲಗೇಜ್ ಆಟೋ ಓಡಿಸ್ತಾನೆ, ಹಳ್ಳಿಗಳಿಂದ ಮಾರ್ಕೆಟ್ಟಿಗೆ ಗೂಡು ಸಾಗಿಸ್ತಾನೆ. ಊರಿಗೆ ಹೋದಾಗ ಸಿಗ್ತಾನೆ. ಒಂದ್ಸಲ ಟೀ ಕುಡಿಯುತ್ತಾ ಹೇಳಿದ: “ಓನರ್ ಚಪ್ಪಲಿ ಸದ್ದಲ್ಲೇ ಗೊತ್ತಾಗೋದು ಕಣೋ, ಇವತ್ತು ನೂಲಿನ ರೇಟು ಎದ್ದಿದ್ಯೋ ಬಿದ್ದಿದ್ಯೋ ಅಂತ. ಬಿದ್ದಿದ್ರೆ ನಾನು ಆ ಕಡೆ ಬೇಸಿನ್‌ಗೆ ಹೋಗಿಬಿಡ್ತಿದ್ದೆ.” ಹನ್ನೊಂದು ವರ್ಷದ ಹುಡುಗ ಮಾರುಕಟ್ಟೆಯ ಏರಿಳಿತವನ್ನು ಒಬ್ಬ ಮನುಷ್ಯನ ಹೆಜ್ಜೆಯಲ್ಲಿ ಓದ್ತಿದ್ದ.

ಈ ಓದು ನಿಜವಾದದ್ದೇ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೇತ್ ಪೊಲಾಕ್ ಅನ್ನೋ ಮನಶ್ಶಾಸ್ತ್ರಜ್ಞ ಇದನ್ನೇ ಅಳೆದು ನೋಡಿದರು. ಮಸುಕಾದ ಮುಖದ ಚಿತ್ರ ನಿಧಾನವಾಗಿ ಸ್ಪಷ್ಟ ಆಗ್ತಾ ಹೋಗುತ್ತೆ, ಅದರಲ್ಲಿ ಯಾವ ಭಾವ ಇದೆ ಅಂತ ಮಗು ಹೇಳಬೇಕು. 2002ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಹೊಡೆತ ತಿಂದು ಬೆಳೆದ ಮಕ್ಕಳು ಸಿಟ್ಟಿನ ಮುಖವನ್ನು ಬೇರೆ ಮಕ್ಕಳಿಗಿಂತ ಮೊದಲೇ ಗುರುತಿಸಿದರು. ಚಿತ್ರ ಇನ್ನೂ ಮಸುಕಾಗಿರುವಾಗಲೇ ಅವರಿಗೆ ಸಿಟ್ಟು ಕಂಡಿತ್ತು. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ, ಸಿಟ್ಟು ಮತ್ತು ಬೇರೆ ಭಾವಗಳನ್ನು ಬೆರೆಸಿದ ಮುಖಗಳನ್ನು ಕೊಟ್ಟಾಗ, ಬೇರೆ ಮಕ್ಕಳು ಹೆದರಿಕೆ ಅಥವಾ ದುಃಖ ಅಂದ ಕೆಲವು ಮುಖಗಳನ್ನೂ ಇವರು ಸಿಟ್ಟು ಅಂತಲೇ ಓದಿದರು. ಹೊಡೆತ ಇಲ್ಲದೆ ಬರೀ ಅಲಕ್ಷ್ಯದಲ್ಲಿ ಬೆಳೆದ ಮಕ್ಕಳ ಪಾಡು ಬೇರೆ. ಒಂದು ಭಾವಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಹಿಡಿಯೋದೇ ಅವರಿಗೆ ಕಷ್ಟ. ಅವರ ಕಡೆ ಯಾರೂ ಮುಖ ತಿರುಗಿಸಿರಲೇ ಇಲ್ಲವಲ್ಲ, ಓದೋದಾದರೂ ಏನನ್ನು?

ಹಾಗಾದರೆ ಏಟು ಒಂದು ವಿದ್ಯೆ ಕಲಿಸಿತು ಅನ್ನಬಹುದಾ? ಅನ್ನಬಹುದು. ಆದರೆ ಯಾವ ವಿದ್ಯೆ ಅಂತ ನೋಡಬೇಕು. ಇನ್ನೊಬ್ಬರ ಮನಸ್ಸು ತಿಳಿಯೋದರಲ್ಲಿ ಎರಡು ಕೆಲಸ ಇವೆ. ಅವರೊಳಗೆ ಏನು ನಡೀತಿದೆ ಅಂತ ಗೊತ್ತು ಮಾಡ್ಕೊಳ್ಳೋದು ಒಂದು. ಗೊತ್ತಾದ ಮೇಲೆ ಅವರ ಸಂಕಟ ನಮಗೂ ತಾಕೋದು ಇನ್ನೊಂದು. ಪುಸ್ತಕದ ಕನ್ನಡದಲ್ಲಿ ಇದಕ್ಕೆ ಸಹಾನುಭೂತಿ, ಪರಾನುಭೂತಿ ಅಂತೆಲ್ಲ ಹೆಸರಿದೆ. ಊರಿನ ಕನ್ನಡದಲ್ಲಿ ‘ಕರುಳು ಚುರುಕ್ ಅಂತು’ ಅಂತಾರೆ. ನನ್ನ ಗೆಳೆಯನಿಗೆ ಮೊದಲನೆಯದು ಚೆನ್ನಾಗಿ ಬರುತ್ತಿತ್ತು. ಆದರೆ ಅವನು ಓನರ್ ಮನಸ್ಸನ್ನು ಓದ್ತಿದ್ದಿದ್ದು ತನ್ನ ಬೆನ್ನು ಉಳಿಸಿಕೊಳ್ಳೋದಕ್ಕೆ. ರೇಟು ಬಿದ್ದು ಪಾಪ ಅವರಿಗೆಷ್ಟು ಕಷ್ಟ ಆಗಿದ್ಯೋ ಅಂತ ಆ ಮಗು ಮರುಗಬೇಕಾಗಿತ್ತು ಅಂತ ಯಾರೂ ಹೇಳೋ ಹಾಗಿಲ್ಲ.

ಬೇಸಿನ್ ಕೆಲಸದ ಬೆರಳೂ ಹಾಗೇ. ಕುದಿಯೋ ನೀರಿಗೆ ವರ್ಷಗಟ್ಟಲೆ ಇಳಿದು ಇಳಿದು ಚರ್ಮ ಗಟ್ಟಿಯಾಗುತ್ತೆ. ಎಳೆಯ ತುದಿ ಥಟ್ ಅಂತ ಸಿಗುತ್ತೆ, ನೀರಿನ ಬಿಸಿ ಮಾತ್ರ ಅಷ್ಟಾಗಿ ಗೊತ್ತಾಗಲ್ಲ. ಪಳಗಿದ್ದೂ ಅದೇ ಬೆರಳು, ಜಡ್ಡುಗಟ್ಟಿದ್ದೂ ಅದೇ ಬೆರಳು. ಪಳಗಿದ್ದನ್ನು ಮಾತ್ರ ತೋರಿಸಿ, ನೋಡಿ ಬಿಸಿನೀರಿನಿಂದ ಎಷ್ಟು ಒಳ್ಳೇದಾಯ್ತು ಅನ್ನೋದು ಅರ್ಧ ಸತ್ಯ.

ಇನ್ನರ್ಧ ಕಾಣೋದು ನಮಗಿಂತ ಚಿಕ್ಕವರು ಅತ್ತಾಗ. ಅದೇ ಗೆಳೆಯನಿಗೆ ಆರು ವರ್ಷದ ಮಗಳಿದ್ದಾಳೆ. ಒಂದು ದಿನ ಅಂಗಳದಲ್ಲಿ ಬಿದ್ದು ಮಂಡಿ ತರಚಿಕೊಂಡು ಅಳೋದಕ್ಕೆ ಶುರು ಮಾಡಿದಳು. ಇವನು ಎದ್ದವನೇ “ಏಯ್, ಅಳ್ಬೇಡ! ಬಾಯ್ ಮುಚ್ಚು!” ಅಂತ ಗದರಿದ. ಕೈ ಕೂಡ ಎತ್ತಿದ್ದ. ಮಗು ಬಾಯಿ ಮುಚ್ಕೊಂಡಳು, ಬಿಕ್ಕಳಿಕೆ ಮಾತ್ರ ನಿಲ್ಲಲಿಲ್ಲ. ಅವನ ಹೆಂಡತಿ ಒಳಗಿಂದ ಬಂದು ಎತ್ಕೊಂಡು ಹೋದರು. ಸ್ವಲ್ಪ ಹೊತ್ತಾದ ಮೇಲೆ ಅವನೇ ಹೇಳಿದ: “ಅತ್ತರೆ ನಮಗೆ ಇನ್ನೊಂದು ಬೀಳ್ತಿತ್ತು ಕಣೋ. ಪಕ್ಕದವನು ಅತ್ತರೂ ನಮಗೂ ಬೀಳ್ತಿತ್ತು. ಯಾರಾದ್ರೂ ಅಳೋದು ಕೇಳಿದ್ರೆ ಈಗಲೂ ಮೈಯೆಲ್ಲ ಉರಿಯುತ್ತೆ.”

1985ರಲ್ಲಿ ಮೇರಿ ಮೇನ್ ಮತ್ತು ಕ್ಯಾರಲ್ ಜಾರ್ಜ್ ಒಂದರಿಂದ ಮೂರು ವರ್ಷದ ಪುಟ್ಟ ಮಕ್ಕಳನ್ನು ಶಿಶುವಿಹಾರದಲ್ಲಿ ಗಮನಿಸಿ ಬರೆದ ಪ್ರಬಂಧವೊಂದಿದೆ. ಮನೆಯಲ್ಲಿ ಹೊಡೆತ ತಿಂದ 10 ಮಕ್ಕಳು, ಅಷ್ಟೇ ಕಷ್ಟದ ಮನೆಗಳಿಂದ ಬಂದ, ಆದರೆ ಹೊಡೆತ ತಿನ್ನದ 10 ಮಕ್ಕಳು. ಪಕ್ಕದ ಮಗು ಅತ್ತಾಗ ಎರಡನೇ ಗುಂಪಿನವರಲ್ಲಿ ಹಲವರು ಕನಿಕರದಿಂದಲೋ ಕುತೂಹಲದಿಂದಲೋ ತಿರುಗಿ ನೋಡಿದರು. ಮೊದಲ ಗುಂಪಿನಲ್ಲಿ ಒಂದು ಮಗುವೂ ಕಾಳಜಿ ತೋರಲಿಲ್ಲ. ಹೆದರಿದರು, ಸಿಟ್ಟಾದರು, ಕೆಲವರು ಅಳೋ ಮಗುವಿಗೇ ಹೊಡೆದರು. ಇಪ್ಪತ್ತು ಮಕ್ಕಳ ಅಧ್ಯಯನ ತೀರಾ ಚಿಕ್ಕದು, ಅದೊಂದರ ಮೇಲೆ ಸಿದ್ಧಾಂತ ಕಟ್ಟೋಕಾಗಲ್ಲ. ಆದರೆ ಬಡತನ ಎರಡೂ ಕಡೆ ಒಂದೇ ಇತ್ತು ಅನ್ನೋದನ್ನು ಗಮನಿಸಬೇಕು. ಗೆಳೆಯನ ಮಾತು ಕೇಳಿದ ಮೇಲೆ ನನಗೆ ಆ ಮಕ್ಕಳು ಕಲ್ಲುಹೃದಯದವರು ಅನಿಸಲಿಲ್ಲ. ಅಳು ಅನ್ನೋದು ಬೇರೆಯವರಿಗೆ ‘ಯಾರಿಗೋ ನೋವಾಗಿದೆ’ ಅನ್ನೋ ಸುದ್ದಿ. ಇವರಿಗೆ ಅದು ‘ಈಗ ಏಟು ಬೀಳುತ್ತೆ’ ಅನ್ನೋ ಸುದ್ದಿ. ತನ್ನ ಬೆನ್ನೇ ಅಪಾಯದಲ್ಲಿರುವಾಗ ಪಕ್ಕದವರ ಮಂಡಿ ಯಾರಿಗೆ ಕಾಣುತ್ತೆ?

ಭಾಷೆಯ ಕಥೆಯೂ ಇದರ ಜೊತೆ ಸೇರ್ಕೊಂಡಿದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಎರಡರಲ್ಲೂ ಬೈಗುಳಕ್ಕೆ ಬರ ಇಲ್ಲ. ಆದರೆ ಮಗುವಿನ ಒಳಗೆ ಆಗೋದನ್ನು ಹೆಸರಿಟ್ಟು ಕರೆದವರು ಕಡಿಮೆ. ನಮಗೆ ಎಲ್ಲದಕ್ಕೂ ಒಂದೇ ಪದ: ಬೇಜಾರು. ಸಿನಿಮಾ ಚೆನ್ನಾಗಿಲ್ಲದಿದ್ದರೂ ಬೇಜಾರು, ಅವಮಾನ ಆದರೂ ಬೇಜಾರು, ಅಜ್ಜಿ ತೀರ್ಕೊಂಡರೂ ಬೇಜಾರು. “ನಿನಗೆ ಹೆದರಿಕೆ ಆಯ್ತಾ?” “ನಾಚಿಕೆ ಆಯ್ತಾ?” ಅಂತ ಯಾರೋ ಕೇಳಿ ಕೇಳಿಯೇ ಮಗು ತನ್ನ ಒಳಗನ್ನು ಗುರುತು ಹಿಡಿಯೋದು ಕಲಿಯುತ್ತೆ. ತನ್ನದನ್ನೇ ಗುರುತು ಹಿಡಿಯಲಾರದವರು ಇನ್ನೊಬ್ಬರದನ್ನು ಹೇಗೆ ಹಿಡಿದಾರು? ಬರಲು ಹಿಡಿದವರು “ಯಾಕೆ ಹಿಂಗ್ ಮಾಡ್ದೆ?” ಅಂತ ಕೇಳೋದು ಪ್ರಶ್ನೆಯೇ ಅಲ್ಲ, ಅದಕ್ಕೆ ಉತ್ತರ ಕೊಟ್ಟರೆ ಎದುರುತ್ತರ ಆಗುತ್ತೆ.

ಇಷ್ಟು ಓದಿ ಇದೆಲ್ಲ ಫಿಲೇಚರ್ ಹುಡುಗರ ಕಥೆ, ನಮಗೂ ಇದಕ್ಕೂ ಏನು ಸಂಬಂಧ ಅಂತ ಅನಿಸಬಹುದು. ನಮ್ಮ ಆಫೀಸುಗಳನ್ನೇ ನೋಡಿ. ಮ್ಯಾನೇಜರ್ ಬರೆದ ಒಂದು ಸಾಲಿನ ಮೆಸೇಜಿನ ಕೊನೆಯ ಚುಕ್ಕಿಯಲ್ಲೇ ಅವರ ಮೂಡು ಹಿಡಿಯೋ ಜನ ನಮ್ಮಲ್ಲಿದ್ದಾರೆ. ಅದನ್ನು ಎಮೋಷನಲ್ ಇಂಟೆಲಿಜೆನ್ಸ್ ಅಂತ ಅಪ್ರೈಸಲ್‌ನಲ್ಲಿ ಹೊಗಳೋದೂ ಇದೆ. ಅದೇ ಜನರಲ್ಲಿ ಕೆಲವರು, ಹೊಸದಾಗಿ ಸೇರಿದ ಹುಡುಗಿ ಕೋಡ್ ರಿವ್ಯೂನಲ್ಲಿ ನಡುಗ್ತಿರೋದನ್ನು ಎಲ್ಲರಿಗಿಂತ ಮೊದಲು ಗುರುತಿಸ್ತಾರೆ, ಗುರುತಿಸಿ ಇನ್ನೊಂದು ಮಾತು ಚುಚ್ಚುತ್ತಾರೆ. “ನಾವೂ ಹಿಂಗೇ ಕಲ್ತಿದ್ದು” ಅನ್ನೋದು ಸಮರ್ಥನೆ. ಯಾರೋ ತಪ್ಪು ಹುಡುಕಿ ತೋರಿಸಿದರೆ ಬೇಕಂತಲೇ ಮಾಡಿದರು ಅನ್ನೋ ಗುಮಾನಿ ಬೇರೆ. ಕೆನೆತ್ ಡಾಜ್ ಮತ್ತು ಜೊತೆಗಾರರು 1990ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ 309 ಪುಟ್ಟ ಮಕ್ಕಳ ಬಗ್ಗೆ ಬರೆದಿದ್ದು ಇದನ್ನೇ. ಮನೆಯಲ್ಲಿ ಪೆಟ್ಟು ತಿಂದ ಮಕ್ಕಳು ಎದುರಿಗಿರುವವರ ನಡೆಯಲ್ಲಿ ಹಗೆತನವನ್ನು ಜಾಸ್ತಿ ಕಾಣ್ತಾರೆ, ಶಾಲೆಗೆ ಹೋದ ಮೇಲೆ ಕೈಯನ್ನೂ ಜಾಸ್ತಿ ಎತ್ತುತ್ತಾರೆ.

ಇಲ್ಲಿಗೆ ಕಷ್ಟದ ಪ್ರಶ್ನೆ ಬರುತ್ತೆ. ಕರುಳು ಚುರುಕ್ ಅನ್ನದ ಹಾಗೆ ಬೆಳೆಸಿದ್ದು ಬೇರೆ ಯಾರೋ. ಹಾಗಿದ್ದ ಮೇಲೆ ಕೈ ಎತ್ತಿದವನನ್ನು ದೂರೋದು ನ್ಯಾಯವಾ?

ಎರಡು ಸುಲಭದ ಉತ್ತರಗಳಿವೆ. ಒಂದು, ಅವನು ಏನು ಮಾಡ್ತಾನೆ ಪಾಪ, ಬೆಳೆದಿದ್ದೇ ಹಾಗೆ. ಇನ್ನೊಂದು, ನಾನೂ ಏಟು ತಿಂದಿದ್ದೀನಿ, ನಾನು ಸರಿಯಾಗಿಲ್ವಾ, ಅವನಿಗೇನು ಧಾಡಿ? ಎರಡನ್ನೂ ನಾನು ಒಪ್ಪಲ್ಲ. ಕ್ಯಾಥಿ ವಿಡಮ್ ಅನ್ನುವವರು 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ದೌರ್ಜನ್ಯ ಅಥವಾ ಅಲಕ್ಷ್ಯಕ್ಕೆ ಒಳಗಾಗಿದ್ದ 908 ಮಕ್ಕಳ ದಾಖಲೆಗಳನ್ನು ವರ್ಷಗಳ ನಂತರ ಹುಡುಕಿ ನೋಡಿದರು. ಹರೆಯದಲ್ಲಿ ಪೊಲೀಸರ ಕೈಗೆ ಸಿಕ್ಕಿದ್ದವರು ಅವರಲ್ಲಿ ಶೇ 26. ಹೋಲಿಕೆಗೆ ಇಟ್ಟುಕೊಂಡ ಬೇರೆ ಮಕ್ಕಳಲ್ಲಿ ಶೇ 17. ಏಟಿನಿಂದ ಏನೂ ಆಗಲ್ಲ ಅನ್ನುವವರು ಈ ಎರಡು ಸಂಖ್ಯೆಗಳ ನಡುವಿನ ಅಂತರ ನೋಡಲಿ. ಏಟು ತಿಂದವನ ಕಥೆ ಮುಗೀತು ಅನ್ನುವವರು ಉಳಿದ ಶೇ 74 ಮಕ್ಕಳನ್ನು ನೋಡಲಿ.

ನೋವು ಉಂಡವರಿಗೇ ನೋವು ಗೊತ್ತು ಅಂತಾರಲ್ಲ, ಅದಕ್ಕೂ ಆಧಾರ ಇದೆ. ಬಾಲ್ಯದಲ್ಲಿ ಆಘಾತ ಅನುಭವಿಸಿದೆವು ಅಂತ ಹೇಳಿಕೊಂಡ ವಯಸ್ಕರಲ್ಲಿ ಸರಾಸರಿ ಪರಾನುಭೂತಿ ಜಾಸ್ತಿಯೇ ಇತ್ತು ಅಂತ 2018ರ ಒಂದು ಅಧ್ಯಯನ ಹೇಳುತ್ತೆ. ಅಂದರೆ ಅದೇ ಬೆಂಕಿಯಲ್ಲಿ ಒಬ್ಬರು ಜಡ್ಡುಗಟ್ಟುತ್ತಾರೆ, ಇನ್ನೊಬ್ಬರು ಮೆತ್ತಗಾಗ್ತಾರೆ. ಒಳ್ಳೇತನ ಕಲಿಸಿದ್ದು ಬೆಂಕಿಯೇ ಆಗಿದ್ದರೆ ಎಲ್ಲರಿಗೂ ಒಂದೇ ಪಾಠ ಆಗಬೇಕಿತ್ತು. ಹವಾಯಿಯ ಕವಾಯಿ ದ್ವೀಪದಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಮತ್ತು ರೂತ್ ಸ್ಮಿತ್ ದಶಕಗಳ ಕಾಲ ಹಿಂಬಾಲಿಸಿದರು. ಬಡತನ, ಜಗಳ, ಕುಡಿತ, ಕಾಯಿಲೆ ಎಲ್ಲ ತುಂಬಿದ ಮನೆಗಳಿಂದ ಬಂದವರಲ್ಲೂ ಸುಮಾರು ಮೂರರಲ್ಲಿ ಒಂದು ಭಾಗ ಚೆನ್ನಾಗಿ ಬೆಳೆದರು. ಅವರ ಬದುಕಿನಲ್ಲಿ ಮತ್ತೆ ಮತ್ತೆ ಕಂಡಿದ್ದು, ಕೈಬಿಡದೆ ಜೊತೆಗಿದ್ದ ಒಬ್ಬರಾದರೂ ದೊಡ್ಡವರು. ಅಜ್ಜಿ, ಚಿಕ್ಕಮ್ಮ, ಮೇಷ್ಟ್ರು, ಯಾರಾದರೂ ಸರಿ.

ಆದ್ದರಿಂದ ಚೆನ್ನಾಗಿ ಬೆಳೆದ ಯಾರಾದರೂ “ಏಟಿನಿಂದ ಆದೆ” ಅಂದರೆ, ಆಗ ಜೊತೆಗಿದ್ದವರು ಯಾರು ಅಂತ ಕೇಳಬೇಕು. ಎಷ್ಟೋ ಸಲ ಒಬ್ಬ ಅಜ್ಜಿ ಸಿಗ್ತಾರೆ. ಏಟು ಬಿದ್ದ ಕೈಗೆ ಕೊಬ್ಬರಿ ಎಣ್ಣೆ ಸವರಿ, ಮುದ್ದೆ ಮುರಿದು ಬಾಯಿಗಿಟ್ಟ ಅಜ್ಜಿಗೆ ಸಲ್ಲಬೇಕಾದ ಹೆಸರನ್ನು ನಾವು ಬೆಲ್ಟಿಗೆ ಕೊಟ್ಟುಬಿಟ್ಟಿದ್ದೀವಿ.

ಹೊಣೆಯ ಪ್ರಶ್ನೆಗೆ ನನ್ನ ಉತ್ತರವೂ ಇಲ್ಲೇ ಇದೆ. ಮಗು ಅತ್ತಾಗ ಮೈ ಉರಿಯೋದು ಅವನ ತಪ್ಪಲ್ಲ. ಅದನ್ನು ಅವನೊಳಗೆ ಬೇರೆಯವರು ಇಟ್ಟು ಹೋದರು. ಆದರೆ ಉರಿಯುತ್ತೆ ಅಂತ ತನಗೇ ಗೊತ್ತಾದ ಮೇಲೆ ಎತ್ತಿದ ಕೈ ಅವನದ್ದೇ. ಕಾರಣ ಗೊತ್ತಾದರೆ ಶಿಕ್ಷೆ ಕೊಡೋ ಹುಮ್ಮಸ್ಸು ನಮ್ಮಲ್ಲಿ ಕಡಿಮೆ ಆಗಬೇಕು, ತಡೆಯೋ ಹೊಣೆ ಯಾರಲ್ಲೂ ಕಡಿಮೆ ಆಗಬಾರದು. ಆ ಹೊಣೆಯನ್ನು ಅವನೊಬ್ಬನ ತಲೆಗೇ ಕಟ್ಟೋದೂ ಸರಿಯಲ್ಲ. ಆ ಮನೆಯಲ್ಲಿ ಮಗುವನ್ನು ಎತ್ಕೊಳ್ಳೋದಕ್ಕೆ ಇನ್ನೊಬ್ಬರು ಇದ್ದರು. ಎಲ್ಲ ಮನೆಯಲ್ಲೂ ಇರೋದಿಲ್ಲ. ಅದಕ್ಕೇ ಅಕ್ಕಪಕ್ಕದವರು, ಮೇಷ್ಟ್ರು, 1098ರ ಮಕ್ಕಳ ಸಹಾಯವಾಣಿ ಬೇಕಾಗೋದು. ಶಾಲೆಯಲ್ಲಿ ಹೊಡೆಯೋದನ್ನೂ ಮಾನಸಿಕವಾಗಿ ಹಿಂಸಿಸೋದನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಆ ಕಾಯ್ದೆ ಜಾರಿಗೆ ಬಂದಿದ್ದು 2010ರ ಏಪ್ರಿಲ್‌ನಲ್ಲಿ. ಆಮೇಲೂ “ನಾಲ್ಕು ಬಿಡಿ ಮೇಷ್ಟ್ರೇ, ನಾವೇನೂ ಕೇಳಲ್ಲ” ಅಂತ ಹೇಳಿ ಬರೋ ಅಪ್ಪಂದಿರು ಇದ್ದಾರೆ.

ಹೊಡೆಯದೆ ಬೆಳೆಸೋದು ನಮ್ಮ ಜನಕ್ಕೆ ಗೊತ್ತಿಲ್ಲ, ಅದೆಲ್ಲ ವಿದೇಶದ ಪಾಠ ಅನ್ನೋ ಮಾತನ್ನು ಮಾತ್ರ ನಾನು ನಂಬಲ್ಲ. ಹುಳು ಸಾಕುವ ಮನೆಗೆ ಹೋಗಿ ನೋಡಿ. ಗೂಡು ಕಟ್ಟೋ ಮುಂಚೆ ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತೆ, ಅದಕ್ಕೆ ಜ್ವರ ಅಂತಾರೆ. ಜ್ವರಕ್ಕೆ ಕೂತ ಹುಳುವಿಗೆ ಸೊಪ್ಪು ಹಾಕೋ ಹಾಗಿಲ್ಲ, ಅಲುಗಾಡಿಸೋ ಹಾಗಿಲ್ಲ. ಸೆಖೆ ಜಾಸ್ತಿ ಆಯ್ತಾ, ತೇವ ಜಾಸ್ತಿ ಆಯ್ತಾ ಅಂತ ರಾತ್ರಿ ಎದ್ದು ನೋಡ್ತಾರೆ. ಬೆಳೆ ಕೆಟ್ಟರೆ ಸೊಪ್ಪಲ್ಲಿ ಏನಿತ್ತು, ಗಾಳಿ ಹೇಗಿತ್ತು, ಸೋಂಕು ಎಲ್ಲಿಂದ ಬಂತು ಅಂತ ಯೋಚಿಸ್ತಾರೆ. ಹುಳುವಿಗೆ ಸೊಕ್ಕು ಅಂತ ಯಾರೂ ಅನ್ನಲ್ಲ. ಇಷ್ಟು ಸೂಕ್ಷ್ಮ ಗೊತ್ತಿರುವ ಕೈಗಳು ಅದೇ ಮನೆಯ ಮಗು ಲೆಕ್ಕದಲ್ಲಿ ತಪ್ಪಿದರೆ ಬರಲು ಹುಡುಕುತ್ತವೆ. ಗೊತ್ತಿಲ್ಲ ಅಂತಲ್ಲ. ಮಗುವಿಗೆ ಅದು ಬೇಕು ಅಂತ ಅಂದುಕೊಂಡಿಲ್ಲ, ಅಷ್ಟೇ.

ಇನ್ನು ಎರಡನೇ ಪ್ರಶ್ನೆ, ಮನುಷ್ಯರಾಗೋದು ಅಂದರೆ ಏನು? ಪಂಕ್ತಿಯಲ್ಲಿ ಕೂತ ನಾವು ಅದಕ್ಕೆ ಸಂಬಳ, ಸೈಟು, ಕಾರು ತೋರಿಸ್ತೀವಿ. ಅವು ದುಡಿಮೆಗೆ ಸಾಕ್ಷಿ. ಮನುಷ್ಯತ್ವದ ಸಾಕ್ಷಿ ಕೇಳಬೇಕಾಗಿದ್ದು ನಮ್ಮ ಕೈಕೆಳಗಿರುವವರನ್ನ. ಸಂಜೆ ನಾವು ಬಾಗಿಲು ತೆಗೆದಾಗ ಮನೆಯ ಚಿಕ್ಕವರು ಓಡಿ ಬರ್ತಾರಾ, ಅಥವಾ ಮೊದಲು ನಿಂತು ನಮ್ಮ ಮುಖ ಅಳೀತಾರಾ? ನಾವು ಮೀಟಿಂಗಿಗೆ ಬಂದ ತಕ್ಷಣ ಟೀಮಿನ ಕಿರಿಯರು ಮಾತು ಮುಂದುವರಿಸ್ತಾರಾ, ನಿಲ್ಲಿಸ್ತಾರಾ?

ಗೆಳೆಯನಿಗೆ ನಾನು ಉಪದೇಶ ಮಾಡಲಿಲ್ಲ. ಅವನು ಪಟ್ಟಿದ್ದನ್ನು ನಾನು ಪಟ್ಟಿಲ್ಲ. ಒಂದನ್ನು ಮಾತ್ರ ಕೇಳಿದೆ: “ನಿನ್ನ ಮಗಳಿಗೆ ನಿನ್ನ ಚಪ್ಪಲಿ ಸದ್ದು ಗೊತ್ತಾಗುತ್ತೇನೋ?” ಅವನು ಸುಮಾರು ಹೊತ್ತು ಏನೂ ಹೇಳಲಿಲ್ಲ. ಆಮೇಲೆ “ಆಟೋ ಸದ್ದಿಗೇ ಟಿವಿ ಆಫ್ ಮಾಡ್ತಾಳೆ” ಅಂದ.